ಅತ್ತಿಗೆಯ ಬೆನ್ನು, ನನ್ನ ಮಾತು

ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ನಾನು ಅತ್ತಿಗೆಗೆ ಹೇಳಲೇ ಇಲ್ಲ. ಮರೆತು ಅಲ್ಲ, ಬೇಕೆಂದೇ ನುಂಗಿಕೊಂಡೆ.

ಆ ಕೋಣೆಯಲ್ಲಿ ಇದ್ದವರು ಮೂವರು—ಡಾಕ್ಟರು, ಅತ್ತಿಗೆ, ನಾನು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ದೆಹಲಿಯ ಜನಕಪುರಿಯಲ್ಲಿ ನಮ್ಮೊಂದಿಗೇ ಇದ್ದಾರೆ. ಅವರ ಹಿಂದಿ ತರಕಾರಿ ಭಯ್ಯಾನ ಗಾಡಿಯ ಆಚೆಗೆ ಹೋಗದು. ವರ್ಷಗಟ್ಟಲೆ ಸೊಂಟನೋವು, ನರ ಒತ್ತಿ ಕಾಲಿನವರೆಗೂ ಸೆಳೆತ. ಬೆನ್ನುಮೂಳೆಯೊಳಗೆ, ನರದ ಹತ್ತಿರಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದೆಂದು ಡಾಕ್ಟರು ಹಿಂದಿಯಲ್ಲಿ ವಿವರಿಸಿದರು. ಊತ ಇಳಿದರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಆರಾಮ. ಕೆಲವರಿಗೆ ಅದೂ ಇಲ್ಲ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿ ಬೆನ್ನನ್ನು ಗಟ್ಟಿ ಮಾಡಿಕೊಳ್ಳಬೇಕು. “ಅವರನ್ನೇ ಕೇಳಿ,” ಎಂದರು.

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಬೇಡವೆಂದುಬಿಟ್ಟರೆ—ಮತ್ತೆ ಆ ನರಳಾಟ, ಮತ್ತೆ ನನ್ನ ರಜೆ...

“ಒಂದೇ ಸೂಜಿಯಂತೆ ಅತ್ತಿಗೆ. ಪೂರ್ತಿ ವಾಸಿ.”

ಇಂಜೆಕ್ಷನ್ ಆಯಿತು. ವಾರ ಕಳೆಯುವಷ್ಟರಲ್ಲಿ ಅತ್ತಿಗೆ ಪಾರ್ಕಿಗೆ ಹೊರಟರು, ಪಂಜಾಬಿ ಗೆಳತಿಯರಿಗೆ ಕೋಡುಬಳೆ ಕರಿದು ಕೊಟ್ಟರು. “ನಿಮ್ಮ ಡೆಲ್ಲೀಲಿ ಗಾಳಿ ಒಂದು ಬಿಟ್ಟು ಎಲ್ಲಾ ಚೆನ್ನಾಗಿದೆ ಕಣೋ!” ಎಂದು ನಕ್ಕರು. ವ್ಯಾಯಾಮದ ಮಾತನ್ನು ನಾನು ಎತ್ತಲಿಲ್ಲ—ಎತ್ತಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಕೆಲವು ತಿಂಗಳಿಗೆ ನೋವು ಮರಳಿತು.

“ತಪ್ಪು ನಂದೇ ಕಣೋ ರಾಘು. ನೀರಿನ ಬಕೆಟ್ ಎತ್ತಿದ್ನಲ್ಲ, ವಾಸಿಯಾಗಿದ್ದ ಬೆನ್ನನ್ನ ನಾನೇ ಕೆಡಿಸ್ಕೊಂಡೆ,” ಎಂದರು.

ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು—“ಸ್ವಲ್ಪ ಹುಷಾರಾಗಿರಬೇಕಿತ್ತು ಅತ್ತಿಗೆ.”

ಮೊದಲನೆಯ ಸುಳ್ಳಿಗೆ ಪ್ರೀತಿಯ ಬಣ್ಣ ಹಚ್ಚಬಹುದೇನೋ. ಇದಕ್ಕೆ ಯಾವ ಬಣ್ಣವೂ ಹತ್ತದು. ಅಂದಿನಿಂದ ಅವರು ಒಂದು ಚೊಂಬು ಎತ್ತುವುದಕ್ಕೂ ಅಂಜಿದರು. ಪಾರ್ಕು ನಿಂತಿತು. ತಮ್ಮ ಮೈಯನ್ನು ತಾವೇ ಬೈದುಕೊಳ್ಳುತ್ತಾ ಮಂಚ ಹಿಡಿದರು. ಎರಡು ವರ್ಷ ಅದನ್ನು ನೋಡುತ್ತಾ ನಾನು ಸುಮ್ಮನಿದ್ದೆ.

ಕಳೆದ ತಿಂಗಳು ಎಲ್ಲವನ್ನೂ ಹೇಳಿದೆ. “ಬೆನ್ನು ನಂದಲ್ವೇನೋ?” ಎಂದರು ಅತ್ತಿಗೆ. ಅಷ್ಟೇ.

ಮರುವಾರ ಅದೇ ಡಾಕ್ಟರ ಬಳಿ ಹೋದರು. ಜೊತೆಗೆ ಒಳಗೆ ಕರೆದೊಯ್ದದ್ದು ನನ್ನನ್ನಲ್ಲ, ದೆಹಲಿಯಲ್ಲೇ ಬೆಳೆದು ಕನ್ನಡ ತಡವರಿಸುವ ನನ್ನ ಮಗಳನ್ನು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಅವಳ ದನಿ ಕೇಳಿಸುತ್ತಿತ್ತು: “ದೊಡ್ಡಮ್ಮ, ಇನ್ನೊಂದು ಇಂಜೆಕ್ಷನ್ ಕೊಟ್ರೆ ಶಾಯದ್ ಕಮ್ಮಿ ಆಗತ್ತೆ, ಶಾಯದ್ ಇಲ್ಲ. ಗ್ಯಾರಂಟಿ ನಹೀಂ.”

“ಹಾಗಾದ್ರೆ ಸೂಜಿ ಸದ್ಯಕ್ಕೆ ಬೇಡ,” ಎಂದರು ಅತ್ತಿಗೆ. “ವ್ಯಾಯಾಮ ಯಾವುದು, ತೋರಿಸಕ್ಕೆ ಹೇಳು.”