ಅವ್ವನ ಮುಂದಿಟ್ಟ ಬೇರೆ ಬಟ್ಟಲು

ಬಾಗಲಕೋಟೆಯ ನವನಗರದಲ್ಲಿ ಜಪಾನಿ ಹೋಟೆಲ್ ಆಗಿದೆ ಎಂದು ತಮ್ಮ ಫೋನು ಮಾಡಿದಾಗ ನಾನು ನಕ್ಕುಬಿಟ್ಟಿದ್ದೆ. ತರಕಾರಿಯನ್ನು ಕಡ್ಡಿಗೆ ಚುಚ್ಚಿ, ಬ್ರೆಡ್ಡಿನ ಪುಡಿ ಹಚ್ಚಿ, ಎಣ್ಣೆಯಲ್ಲಿ ಕರಿದು ಕೊಡುತ್ತಾರಂತೆ. ಬೋರ್ಡಿನ ಮೇಲೆ ಶುದ್ಧ ಸಸ್ಯಾಹಾರಿ ಎಂದು ದೊಡ್ಡದಾಗಿ ಬರೆದಿದೆಯಂತೆ. ಬಾದಾಮಿಯ ಗುಹೆ ನೋಡಲು ಬರುವ ಪರದೇಶದವರಿಗಾದರೆ ಸರಿ, ಸಂಜೆಯಾದರೆ ಓಣಿಗೊಂದು ಮಿರ್ಚಿ ಭಜಿ ಗಾಡಿ ನಿಲ್ಲುವ ನಮ್ಮ ಊರಿಗೆ ಕರಿದದ್ದನ್ನು ತಿನ್ನುವುದನ್ನು ಜಪಾನಿನವರು ಕಲಿಸಬೇಕೆ? ಆದರೆ ಅವನಿಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. "ಅವ್ವನ್ನ ಕರ್ಕೊಂಡು ಬಾ ಅಕ್ಕಾ. ಒಂದ ಸಲನಾದ್ರೂ ಆಕಿ ನನ್ನ ಕೂಡ ಹೊರಗ ಉಣ್ಣಲಿ" ಎಂದ. ಆ ಮಾತಿಗೆ ನಾನು ಸೋತೆ.

ಅವ್ವ ಹೊರಗೆ ಉಣ್ಣುವವಳಲ್ಲ. ಅವಳು ಇಳಕಲ್ಲಿನಲ್ಲಿ ನನ್ನ ಜೊತೆಗಿದ್ದಾಳೆ. ನಾನು ದಿನಾ ಬಸ್ಸು ಹಿಡಿದು ಹುನಗುಂದದ ಕಾಲೇಜಿಗೆ ಪಾಠ ಹೇಳಲು ಹೋಗಿ ಬರುತ್ತೇನೆ. ಮದುವೆ ಮನೆಗೆ ಹೋದರೂ ಅವಳು ಅಕ್ಷತೆ ಹಾಕಿ, ಒಂದು ಉಂಡೆ ಸೆರಗಿಗೆ ಕಟ್ಟಿಕೊಂಡು ಬಂದುಬಿಡುತ್ತಾಳೆ. ಕಾರಣ ಒಂದೇ, ಎಂಜಲು. ಜಾತಿಗೀತಿ ಅಲ್ಲ, ಆ ವಿಷಯದಲ್ಲಿ ಅವಳು ಯಾರ ಮನೆಗಾದರೂ ಹೋಗಿ ಕೂರುತ್ತಾಳೆ. ಬಾಯಿಗೆ ತಾಗಿದ್ದು ಇನ್ನೊಬ್ಬರಿಗೆ ತಾಗಬಾರದು, ಅಷ್ಟೇ. ತಂಬಿಗೆಯನ್ನು ಎತ್ತಿ ಕುಡಿಯಬೇಕು. ಊಟದ ನಡುವೆ ಬಡಿಸಿಕೊಳ್ಳಬೇಕಾದರೆ ಎಡಗೈಯಲ್ಲಿ ಚಮಚ ಹಿಡಿಯಬೇಕು. ನಾನು ಕಚ್ಚಿದ ಪೇರಲ ಹಣ್ಣನ್ನು ಗೆಳತಿಗೆ ಕೊಟ್ಟಿದ್ದಕ್ಕೆ ಬೆನ್ನಿನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ.

ಅವಳು ಸೀರೆ ನೇಯುತ್ತಿದ್ದ ದಿನಗಳಲ್ಲಿ ಮಗ್ಗದ ಮೇಲೂ ಇದೇ. ಎಳೆ ಹರಿದಾಗ ಉಳಿದವರು ಬೆರಳನ್ನು ನಾಲಿಗೆಗೆ ತಾಗಿಸಿ ಎರಡು ತುದಿ ಹೊಸೆದು ಕೂಡಿಸಿಬಿಡುತ್ತಿದ್ದರು. ಅವ್ವ ಮಾತ್ರ ಕುಳಿಮಗ್ಗದ ಪಕ್ಕ ನೀರಿನ ಬಟ್ಟಲು ಇಟ್ಟುಕೊಂಡೇ ನೇಯುತ್ತಿದ್ದಳು. "ಯಾರರ ಒಯ್ದು ದೇವಿಗೆ ಉಡಸ್ತಾರ. ನಮ್ಮ ಎಂಜಲ ಯಾಕ ಹಚ್ಚೂದು?" ಎನ್ನುತ್ತಿದ್ದಳು. ಅವಳು ನೇಯ್ದ ಸೀರೆಗಳು ಎಲ್ಲೆಲ್ಲಿಗೆ ಹೋದವೋ ಯಾರಿಗೆ ಗೊತ್ತು. ಒಂದರ ಮೇಲೂ ಅವಳ ಉಗುಳು ಬಿದ್ದಿಲ್ಲ.

ಇಂಥವಳು ಮಗನ ಬಡ್ತಿಯ ಖುಷಿಗೆ, ಸಸ್ಯಾಹಾರಿ ಎಂಬ ಬೋರ್ಡಿನ ಧೈರ್ಯದ ಮೇಲೆ, ಕೆಂಪು ಅಂಚಿನ ಹೊಸ ಸೀರೆ ಉಟ್ಟು ಬಾಗಲಕೋಟೆಯ ಬಸ್ಸು ಹತ್ತಿದಳು.

ಹೋಟೆಲ್ ತಣ್ಣಗಿತ್ತು, ಕಾಗದದ ಕೆಂಪು ದೀಪ ತೂಗುಹಾಕಿದ್ದರು. ಟೇಬಲ್ಲಿನ ನಡುವೆ ಸ್ಟೀಲಿನ ಡಬ್ಬಿಯಲ್ಲಿ ಕಪ್ಪನೆಯ ಹುಳಿ-ಸಿಹಿ ಸಾಸು, ಪಕ್ಕದಲ್ಲಿ ಹಸಿ ಎಲೆಕೋಸಿನ ಎಲೆಗಳು. ಮ್ಯಾನೇಜರ್ ಬೆಂಗಳೂರಿನ ಕಡೆಯವನು, ಮಾತೆಲ್ಲ ಪುಸ್ತಕದ ಹಾಗೆ ತಿದ್ದಿ ತೀಡಿದ್ದು. "ಈ ಟೇಬಲ್ಲಿಗೆ ಬಂದುಹೋಗುವ ಗಿರಾಕಿಗಳಿಗೆಲ್ಲ ಸೇರಿ ಸಾಸ್ ಇದೊಂದೇ. ಆದ್ದರಿಂದ ಒಂದು ಸಲ ಮಾತ್ರ ಅದ್ದಬೇಕು. ಕಚ್ಚಿದ ಮೇಲೆ ಮತ್ತೆ ಅದ್ದುವಂತಿಲ್ಲ. ಇದು ಜಪಾನಿನ ಪದ್ಧತಿ" ಎಂದು ಹೇಳಿಹೋದ.

ಅವ್ವನ ಮುಖ ಅರಳಿತು. "ಅಯ್ಯ, ಇವರೂ ನಮ್ಮಂಗ ಅದಾರಲ್ಲ!" ಎಂದಳು. ಸಮುದ್ರದಾಚೆ ಯಾವುದೋ ದೇಶದಲ್ಲಿ ತನ್ನ ಮನೆತನದವರು ಸಿಕ್ಕಷ್ಟು ಸಂತೋಷ. ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಹಿಂದಕ್ಕೆ ಸರಿದು ಆರಾಮಾಗಿ ಕೂತಳು. ನನಗೂ ತಮ್ಮನಿಗೂ ಗೆದ್ದಷ್ಟು ಹಿಗ್ಗಾಯಿತು.

ಬದನೆಕಾಯಿ, ಕುಂಬಳ, ಈರುಳ್ಳಿ, ಪನೀರು ಬಂದವು. ಕಡ್ಡಿಗೆ ಮೂರು ಮೂರು ತುಣುಕು. ತಮ್ಮ ಒಂದೊಂದರಲ್ಲಿ ಅರ್ಧ ತಿಂದು ಅರ್ಧ ತಟ್ಟೆಯಲ್ಲಿ ಬಿಡುತ್ತ ಹೋದ. ಅದು ಅವನ ಹಳೆಯ ಚಟ. ಅವ್ವ ಎಡಗೈಯಲ್ಲಿ ಕಡ್ಡಿ ಹಿಡಿದು ತುದಿಯ ತುಣುಕನ್ನಷ್ಟೇ ಸಾಸಿಗೆ ಅದ್ದಿದಳು. ಕೋಸಿನ ಎಲೆಯಿಂದ ಅದನ್ನು ಹಿಡಿದು ಜಗ್ಗಿ ತಟ್ಟೆಗೆ ಹಾಕಿಕೊಂಡಳು. ಕಡ್ಡಿ ತಟ್ಟೆಗೂ ತಾಗಲಿಲ್ಲ. ಬಲಗೈಯಿಂದ ತುಟಿಗೆ ಬೆರಳು ಮುಟ್ಟದಂತೆ ಬಾಯಿಗೆ ಹಾಕಿಕೊಂಡಳು. "ರುಚಿ ಐತಿ" ಎಂದಳು. ಆಮೇಲೆ ಎರಡನೇ ತುಣುಕು ಅದ್ದಲು ಅದೇ ಕಡ್ಡಿಯನ್ನು ಡಬ್ಬಿಗೆ ಇಳಿಸಿದಳು.

ಮ್ಯಾನೇಜರ್ ಎಲ್ಲಿದ್ದನೋ, ಹಾರಿ ಬಂದ. "ಅಜ್ಜೀ, ಏನು ಮಾಡ್ತಾ ಇದ್ದೀರಾ? ಎಂಜಲು ಕಡ್ಡಿ ಮತ್ತೆ ಅದ್ದಬಾರದು ಅಂತ ಆಗಲೇ ಹೇಳಿದೆ ಅಲ್ವಾ?" ಎಂದು ಡಬ್ಬಿಯನ್ನೇ ಎಳೆದುಕೊಂಡ. ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ಒಂದು ಹೆಣ್ಣುಮಗಳು ತನ್ನ ಟೇಬಲ್ಲಿನ ಡಬ್ಬಿಯನ್ನು ಇಣುಕಿ ನೋಡಿಕೊಂಡಳು. ಅವ್ವನ ಕೈ ಗಾಳಿಯಲ್ಲೇ ನಿಂತಿತ್ತು, ಕಡ್ಡಿಯಿಂದ ಸಾಸು ಹೊಸ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಯಾರಿಗೆ ಹೇಳುತ್ತಿದ್ದಾನೆ ಇವನು? "ಕಣ್ಣ ತೆರದ ನೋಡ್ರಿ ಸ್ವಲ್ಪ! ಆ ಕಡ್ಡಿ ಆಕಿ ಬಾಯಿ ಹತ್ರನೂ ಹೋಗಿಲ್ಲ" ಎಂದೆ. ಅವನು ಕಡ್ಡಿಯತ್ತ ನೋಡಲೂ ಇಲ್ಲ. "ರೂಲ್ಸ್ ರೂಲ್ಸೇ ಮೇಡಂ" ಎಂದ. ನಿಯಮ ಯಾಕೆ ಹುಟ್ಟಿತು ಎಂಬುದು ಬೇಡ, ಎಷ್ಟು ಸಲ ಅದ್ದಿದರು ಎಂಬುದೊಂದೇ ಸಾಕು ಇಂಥವರಿಗೆ. ನಾನು ಎದ್ದು ನಿಂತೆ. ಕಾಲೇಜಿನಲ್ಲಿ ಹಿಂದಿನ ಬೆಂಚಿನವರನ್ನು ಗದರಿಸುವ ದನಿ ತಾನಾಗಿ ಬಂತು.

ಆಗ ತಮ್ಮ ನನ್ನ ಕೈ ಜಗ್ಗಿದ. ಮ್ಯಾನೇಜರನತ್ತ ತಿರುಗಿ, ಹಲ್ಲು ಕಿರಿದು, "ಸಾರಿ ಸರ್. ಆಕಿಗೆ ಇದೆಲ್ಲಾ ಗೊತ್ತಾಗಂಗಿಲ್ಲ. ಹಳ್ಳಿ ಮಂದಿ" ಎಂದ.

ಇಳಕಲ್ಲು ಯಾವಾಗ ಹಳ್ಳಿಯಾಯಿತು? ಆ ಮಗ್ಗದ ದುಡಿಮೆಯಲ್ಲೇ ಸಾಲಿ ಕಲಿತು ನವನಗರದ ಆಫೀಸಿನಲ್ಲಿ ಕುರ್ಚಿ ಹಿಡಿದವನ ಬಾಯಿಂದ ಈ ಮಾತೇ? ಹೊರಗಿನವನು ತಿಳಿಯದೆ ಅಂದಿದ್ದ, ಇವನು ತಿಳಿದೂ ಅಂದ. ಅಲ್ಲಿಯತನಕ ಮ್ಯಾನೇಜರನ ಮೇಲಿದ್ದ ನನ್ನ ಸಿಟ್ಟೆಲ್ಲ ಇವನ ಕಡೆಗೆ ಹೊರಳಿತು. ಅವ್ವ ನನ್ನ ಸೆರಗು ಹಿಡಿದು, "ಕೂಡವಾ, ಮಂದಿ ನೋಡಾಕತ್ತಾರ" ಎಂದದ್ದಕ್ಕೆ ಕೂತೆ. ಇಲ್ಲದಿದ್ದರೆ ಏನಾಗುತ್ತಿತ್ತೋ.

ಮ್ಯಾನೇಜರ್ ದೊಡ್ಡ ಉಪಕಾರ ಮಾಡುವವನಂತೆ ಸಣ್ಣ ಪ್ಲಾಸ್ಟಿಕ್ ಬಟ್ಟಲಲ್ಲಿ ಸಾಸು ಹಾಕಿಸಿ ತಂದು, "ಅಜ್ಜಿಗೆ ಇದು ಬೇರೆ" ಎಂದು ಅವ್ವನ ಮುಂದಿಟ್ಟ. ನಮ್ಮ ಊರುಗಳಲ್ಲಿ ಯಾರ ಮುಂದೆ ಬೇರೆ ಬಟ್ಟಲು, ಬೇರೆ ಲೋಟ ಇಡುತ್ತಿದ್ದರು, ಅದನ್ನು ನೋಡುತ್ತ ಕೂತವರಿಗೆ ಹೇಗಾಗಿದ್ದೀತು ಎಂಬುದು ಆವತ್ತು ಮೊದಲ ಸಲ ನನ್ನ ಹೊಟ್ಟೆಗೆ ತಿಳಿಯಿತು. ಅವ್ವ ಆ ಬಟ್ಟಲನ್ನು ಮುಟ್ಟಲಿಲ್ಲ. ಉಳಿದ ಎರಡು ತುಣುಕು ಕಡ್ಡಿಯಲ್ಲೇ ಇದ್ದವು. "ನನಗ ಸಾಕಾತು, ನೀವು ತಿನ್ರಿ" ಎಂದು ಕೈ ತೊಳೆಯಲು ಎದ್ದಳು.

ಬಸ್ ನಿಲ್ದಾಣಕ್ಕೆ ತಮ್ಮ ತನ್ನ ಕಾರಿನಲ್ಲೇ ಬಿಟ್ಟ. ದಾರಿಯುದ್ದ ನಾನು ಬೈದೆ. ಅವನು ರಸ್ತೆ ನೋಡುತ್ತ, "ಸಣ್ಣ ಮಾತಿಗೆ ಎಷ್ಟರ ಬೆಳಸ್ತಿ ಅಕ್ಕಾ. ಜಗಳ ಆಗಬಾರದಂತ ಅಂದೆ" ಎನ್ನುತ್ತಿದ್ದ. ಅವ್ವ ಹಿಂದಿನ ಸೀಟಿನಲ್ಲಿ ಸೀರೆಯ ಮೇಲಿನ ಕಲೆಯನ್ನು ಒದ್ದೆ ಕರವಸ್ತ್ರದಿಂದ ಉಜ್ಜುತ್ತಿದ್ದಳು. ನಿಲ್ದಾಣದ ಮುಂದೆ ಗಾಡಿ ನಿಂತಾಗ ಉಜ್ಜುವುದನ್ನು ಬಿಟ್ಟಳು.

"ತಮ್ಮಾ, ಎಂಜಲ ಅಂದ್ರ ಆಕಿಗೆ ಗೊತ್ತಾಗಂಗಿಲ್ಲ ಅಂದಿ. ನನ್ನ ಜೀವಮಾನದಾಗ ನಾ ಒಬ್ಬರ ಎಂಜಲ ಅಷ್ಟ ಉಂಡೇನಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಸಣ್ಣಾವಿದ್ದಾಗ ಗಂಗಾಳದಾಗ ಅರ್ಧಾ ಬಿಟ್ಟ ಆಡಾಕ ಓಡತಿದ್ದಿ. ಅದನ್ನ ಚೆಲ್ಲಾಕ ನನಗ ಮನಸ ಬರ್ತಿರಲಿಲ್ಲ."

ಅವನು ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ, ಹಿಂದಕ್ಕೆ ತಿರುಗಲೂ ಇಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ಅವ್ವ ತಾನೇ ಬಾಗಿಲು ತೆಗೆದುಕೊಂಡು ಇಳಿದು, "ನಡಿಯವಾ, ಇಳಕಲ್ ಬಸ್ ನಿಂತೈತಿ" ಎಂದು ನನ್ನನ್ನು ಕರೆದಳು. ಅವನನ್ನು ಬೈಯಲು ನನ್ನ ಹತ್ತಿರ ಇನ್ನೂ ಎಷ್ಟೋ ಇತ್ತು. ಅದ್ಯಾವುದೂ ಬೇಕಾಗಲಿಲ್ಲ.