ಒಡೆಯರ ತೂಬು ಮುಚ್ಚಿದ ನೀರುಗಂಟಿ

ಬೆಳಕು ಹರಿಯುವ ಹೊತ್ತಿಗೆ ನೀರುಗಂಟಿ ಗೆರಾವ್ ವೆಲೆನ್ಸಿಯಾ ಬಯಲಿನ ಬೆನಿಫರ್ರಿ ಎಂಬ ಕಾಲುವೆಯ ಏರಿಯ ಮೇಲಿರುತ್ತಾರೆ. ಉದ್ದಂಗಿಯ ಅಂಚು ಸೊಂಟಕ್ಕೆ ಸಿಕ್ಕಿಸಿದೆ, ಹೆಗಲ ಮೇಲೆ ಗುದ್ದಲಿ. ಒಂದು ತೂಬಿನ ಹಲಗೆ ಎತ್ತುತ್ತಾರೆ, ಇನ್ನೊಂದನ್ನು ಇಳಿಸಿ ಸಂದಿಗೆ ಜೇಡಿಮಣ್ಣು ಬಡಿಯುತ್ತಾರೆ. ನೀರು ಒಬ್ಬರ ಹೊಲ ಬಿಟ್ಟು ಮತ್ತೊಬ್ಬರದಕ್ಕೆ ಹೊರಳುತ್ತದೆ.

ಈರುಳ್ಳಿ ಮಡಿಯಲ್ಲಿ ಬಗ್ಗಿದ್ದ ಹೆಂಗಸು ತಲೆ ಎತ್ತದೆಯೇ ಕೆಣಕುತ್ತಾರೆ: “ಇವತ್ತು ಗುರುವಾರ ಅಲ್ವೇನಪ್ಪಾ ಗೆರಾವ್? ನಾಳೆಯಿಂದ ಈ ಗುದ್ದಲಿ ಯಾರ ಹೆಗಲ ಮೇಲೋ?”

“ಅದನ್ನ ನೆನೆಸ್ಕೊಂಡು ನಿನ್ನ ಮಡೀಗೆ ನೀರು ಕಮ್ಮಿ ಬಂತಾ?” ಎಂದು ಗೆರಾವ್ ಮುಂದಿನ ತೂಬಿಗೆ ನಡೆಯುತ್ತಾರೆ.

ಕಾಲುವೆ ತೋಡಿದವರು ಹಿಂದೆ ಈ ನಾಡನ್ನು ಆಳಿದ ಮೂರ್ ಮುಸಲ್ಮಾನರು. ಕ್ರೈಸ್ತ ರಾಜರು ಅವರಿಂದ ನಾಡು ಗೆದ್ದ ಮೇಲೂ ನೀರಿನ ಕಟ್ಟಳೆಯನ್ನು ಮುಟ್ಟಲಿಲ್ಲ, ಮೊದಲು ನಡೆದಂತೆಯೇ ನಡೆಯಲಿ ಎಂದರು. ಹಾಗಾಗಿ ಭೂಮಿಗೆ ಒಡೆಯರಿದ್ದಾರೆ, ಚರ್ಚಿಗೆ ಬಿಷಪ್ಪರಿದ್ದಾರೆ; ನೀರಿಗೆ ಮಾತ್ರ ಅದನ್ನು ಹಾಯಿಸಿಕೊಳ್ಳುವವರೇ ಯಜಮಾನರು. ನೀರುಗಂಟಿಯನ್ನು ಆರಿಸುವವರೂ ಅವರೇ. ಅದಕ್ಕೊಂದು ಹಳೆಯ ರೂಢಿಯಿದೆ: ಕಾಲುವೆಯ ಕಟ್ಟಕಡೆಗೆ ಹೊಲ ಇರುವವರಿಗೇ ಈ ಕೆಲಸ. ಮೇಲಿನವರಿಗೆ ತಪ್ಪಿ ಹೆಚ್ಚು ಬಿಟ್ಟರೆ ಮೊದಲು ಒಣಗುವುದು ನೀರುಗಂಟಿಯ ಬೆಳೆಯೇ.

ಗೆರಾವ್ ಅವರಪ್ಪ ಬೇರೆಯವರ ಹೊಲದಲ್ಲಿ ದುಡಿದು ಸತ್ತವರು. ಮಗನಿಗೆ ಕಡೆಗೆ ದಕ್ಕಿದ್ದು ಯಾರಿಗೂ ಬೇಡವಾಗಿದ್ದ ಈ ತುದಿಯ ತುಂಡು. ದಿನವೂ ನೀರಲ್ಲಿ ನಿಲ್ಲುವ ಗೆರಾವ್ ಅವರ ಕಾಲಿನ ಬೆರಳ ಸಂದಿ ಬೇಸಿಗೆಯಲ್ಲೂ ಒಣಗುವುದಿಲ್ಲ. ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತದೆ. ಹೆಂಡತಿ ಸೌರಿನಾ ಹಂದಿಕೊಬ್ಬು ಸವರುತ್ತಾ ಬೈಯುತ್ತಾರೆ: “ಊರಿಗೆಲ್ಲ ನೀರು ಕುಡಿಸ್ತಾನೆ, ಮನೇಲಿ ಕೊಡ ತುಂಬೋದು ನಾನೇ.”

ಈಗ ಬಂದಿರುವ ಕಷ್ಟ ಚರ್ಮದ್ದಲ್ಲ. ತುದಿಯ ಹೊಲಗಳಲ್ಲೆಲ್ಲ ಅವರೆ ಹೂ ಬಿಟ್ಟಿದೆ. ಸೋಮವಾರ ಬೆಳಗ್ಗೆ ಅವುಗಳಿಗೆ ಬರಬೇಕಿದ್ದ ನೀರು ಬರಲಿಲ್ಲ. ಗೆರಾವ್ ಏರಿ ಹಿಡಿದು ಮೇಲೆ ಹೋದರು. ಒಡೆಯರ ಗೋಧಿ ಹೊಲದ ತೂಬು ಬಾಯಿ ತೆರೆದಿತ್ತು. ಒಡೆಯರ ಸರದಿ ಮುಗಿದಿತ್ತು. ಗೆರಾವ್ ಹಲಗೆ ಇಳಿಸಿ ಮಣ್ಣು ಬಡಿಯುತ್ತಿದ್ದಾಗ ಒಡೆಯರ ಪಾರುಪತ್ಯಗಾರ ಪೊನ್ಸ್ ಹೇಸರಗತ್ತೆಯ ಮೇಲೆ ಬಂದರು.

“ಯಾರ ತೂಬು ಮುಚ್ತಿದೀಯ, ಗೊತ್ತೇನಯ್ಯಾ?”

“ಗೊತ್ತು ಸ್ವಾಮಿ. ಗುರುವಾರ ಚರ್ಚಿನ ಬಾಗಿಲಿಗೆ ಬನ್ನಿ.”

ಪ್ರತಿ ಗುರುವಾರ ಅಲ್ಲಿ ನೀರಿನ ವ್ಯಾಜ್ಯಗಳ ವಿಚಾರಣೆ. ನೀರುಗಂಟಿ ಒಯ್ದ ದೂರು ಅಲ್ಲಿ ನಿಲ್ಲದಿದ್ದರೆ ಕೆಲಸ ಹೋಗುತ್ತದೆ, ಆ ಸುತ್ತಿನ ನೀರೂ ಎದುರಾಳಿಗೇ ಸೇರುತ್ತದೆ. ಅಂದರೆ ತುದಿಯವರಿಗೆಲ್ಲ ಈ ವರ್ಷದ ಅವರೆ ಇಲ್ಲ. ಸೌರಿನಾ ಆ ದಿನ ಬೈಯಲಿಲ್ಲ. “ನೋಡಿದ್ದನ್ನ ನೋಡಿಲ್ಲ ಅಂದಿದ್ರೆ ನಾನೇ ಒಳಗೆ ಬಿಟ್ಕೊತಿರ್ಲಿಲ್ಲ” ಎಂದಷ್ಟೇ ಹೇಳಿ ರೊಟ್ಟಿ ಕೈಗಿಟ್ಟರು.

ಮಧ್ಯಾಹ್ನದ ಗಂಟೆ ಬಡಿಯುವಾಗ ವೆಲೆನ್ಸಿಯಾದ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ಪಂಚರು ಕೂರುತ್ತಾರೆ. ಎಲ್ಲರೂ ರೈತರು, ಉಗುರಲ್ಲಿ ಮಣ್ಣಿರುವವರು. ಇಲ್ಲಿ ಏನನ್ನೂ ಬರೆಯುವುದಿಲ್ಲ. ಹೊಳೆಯ ಎಡದಡದ ವ್ಯಾಜ್ಯವನ್ನು ಬಲದಡದವರು ವಿಚಾರಿಸಬೇಕು, ಅವರಿಗೆ ಆ ನೀರಿನಲ್ಲಿ ಪಾಲಿಲ್ಲ. ಬೆನಿಫರ್ರಿ ಎಡದಡದ್ದು, ಹಾಗಾಗಿ ಇಂದು ವಿಚಾರಣೆಗೆ ಕೂತವರು ಬಲದಡದ ಮುದುಕ ಅರ್ನಾವ್.

ಪೊನ್ಸ್ ಒಬ್ಬ ವಕೀಲರನ್ನು ಕರೆತಂದಿದ್ದಾರೆ. ವಕೀಲರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅರ್ನಾವ್ ಕೈ ಅಡ್ಡ ಹಿಡಿಯುತ್ತಾರೆ. “ನೀವು ಸುಮ್ನಿರಿ ಸ್ವಾಮಿ. ನಿಮ್ಮದು ಯಾವ ಹೊಲ?”

“ನನಗೆ ಹೊಲ ಇಲ್ಲ...”

“ಹಂಗಾದ್ರೆ ನೆರಳಲ್ಲಿ ನಿಂತ್ಕೊಳ್ಳಿ.”

ಗುಂಪು ನಗುತ್ತದೆ. ಗೆರಾವ್ ಕಂಡದ್ದನ್ನು ಎರಡೇ ಮಾತಿನಲ್ಲಿ ಹೇಳಿ ನಿಲ್ಲಿಸುತ್ತಾರೆ. ಹಲಗೆ ಎತ್ತಿದ ಕೈಯನ್ನು ಅವರು ಕಂಡಿಲ್ಲ. ಪೊನ್ಸ್ ‘ಗೊತ್ತಿಲ್ಲ’ ಎಂದರೆ ದೂರು ಅಲ್ಲಿಗೇ ಮುಗಿಯಿತು.

“ತೂಬು ತೆಗೆದೋರು ಯಾರು?” ಅರ್ನಾವ್ ಪೊನ್ಸ್ ಕಡೆ ತಿರುಗುತ್ತಾರೆ.

ಪೊನ್ಸ್ ಹುಟ್ಟಿನಿಂದ ಒಡೆಯರ ಅಂಗಳದಲ್ಲಿ ಬೆಳೆದವರು. ಅಲ್ಲಿ ಒಡೆಯರ ಹೆಸರು ಹೇಳಿದರೆ ವ್ಯಾಜ್ಯ ಮುಗಿಯುತ್ತದೆ. ಎದೆ ಮುಂದೆ ಮಾಡಿ ನುಡಿಯುತ್ತಾರೆ: “ನಾನೇ ತೆಗೆಸಿದೆ. ನಮ್ಮೊಡೆಯರ ಹೊಲಕ್ಕೆ ನೀರು ಹಾಯಿಸೋಕೆ ಯಾರ ಅಪ್ಪಣೆ ಬೇಕು?”

ವಕೀಲರು ಕಣ್ಣು ಮುಚ್ಚಿಕೊಳ್ಳುತ್ತಾರೆ.

“ಕಾಲುವೆಗೆ ಹೊಲ ಗೊತ್ತು ಸ್ವಾಮಿ, ಹೊಲದೋರು ಗೊತ್ತಿಲ್ಲ” ಎನ್ನುತ್ತಾರೆ ಅರ್ನಾವ್. ಪಂಚರು ತಲೆ ಹತ್ತಿರ ತಂದು ಗುಸುಗುಸು ಮಾತಾಡಿ ತೀರ್ಪು ಹೇಳುತ್ತಾರೆ. ಒಡೆಯರ ಮುಂದಿನ ಸರದಿ ರದ್ದು. ಆ ನೀರು ತುದಿಯವರಿಗೆ. ತೀರ್ಪು ಮೀರಿದರೆ ಹೂಳೆತ್ತುವ ಕಾಲಕ್ಕೆ ಆ ಹೊಲದ ತೂಬಿನ ಮುಂದೆ ಯಾರೂ ಗುದ್ದಲಿ ಹಾಕುವುದಿಲ್ಲ, ಹೂಳು ತುಂಬಿ ಹೊಲಕ್ಕೆ ನೀರೇ ಹತ್ತುವುದಿಲ್ಲ. ಅದು ಒಡೆಯರಿಗೂ ಗೊತ್ತು.

ಶನಿವಾರ ಕಾಲುವೆಯ ತುದಿಗೆ ನೀರು ಬರುತ್ತದೆ, ಮೊದಲು ನೊರೆ ಮತ್ತು ಒಣಗಿದ ಎಲೆ, ಹಿಂದೆಯೇ ತುಂಬು ಹರಿವು. ಹೆಂಗಸರು, ಮಕ್ಕಳು ಅದರ ಜೊತೆಜೊತೆಗೇ ಏರಿಯ ಮೇಲೆ ಓಡಿಬರುತ್ತಾರೆ. ಯಾರೋ ಡೋಲು ಬಡಿಯುತ್ತಾರೆ. ಗೆರಾವ್ ಅವರ ಹೊಲಕ್ಕೆ ಸರದಿ ಬಂದಾಗ ಅಕ್ಕಪಕ್ಕದವರೇ ಹಲಗೆ ಎತ್ತುತ್ತಾರೆ. ಗೆರಾವ್ ಕೈಗೆ ಗುದ್ದಲಿ ಕೊಡುವುದಿಲ್ಲ.

“ಕೂತ್ಕೊಳಯ್ಯಾ ದೊಡ್ಮನುಷ್ಯ” ಎಂದು ಸೌರಿನಾ ದ್ರಾಕ್ಷಾರಸದ ಸೋರೆಬುರುಡೆ ಮುಂದಿಡುತ್ತಾರೆ. “ಇವತ್ತೊಂದಿನ ಕಾಲು ಒಣಗ್ಲಿ.”

ವಾರ ಕಳೆದ ಮೇಲೆ ಹೇಸರಗತ್ತೆ ಮತ್ತೆ ಏರಿಯ ಮೇಲೆ ಬಂದು ನಿಲ್ಲುತ್ತದೆ. ಪೊನ್ಸ್ ಇಳಿಯುತ್ತಾರೆ, ಇಳಿದೇ ಕೇಳುತ್ತಾರೆ: “ಗೆರಾವ್, ನಮ್ಮ ಸರದಿ ಯಾವಾಗ ಬರುತ್ತೆ?”

“ನಿಮ್ಮ ಮೇಲಿನೋರದು ಮುಗೀಲಿ ಸ್ವಾಮಿ. ನಾನೇ ಬಂದು ತೆಗೀತೀನಿ.”

ಪೊನ್ಸ್ ತಲೆಯಾಡಿಸಿ ಹೋಗುತ್ತಾರೆ. ಗೆರಾವ್ ಅಂಗೈಯ ಮಣ್ಣು ತೊಳೆದುಕೊಳ್ಳುತ್ತಾ ಅವರು ಹೋದ ದಾರಿಯನ್ನೇ ನೋಡುತ್ತಾರೆ. “ನಮ್ಮಪ್ಪ ಈ ಒಡೆಯರ ಮನೆಯೋರ ಮುಂದೆ ಟೋಪಿ ತೆಗೆದು ನಿಂತೇ ಮುದುಕ ಆದ. ಇವತ್ತು ಅವರು ನನ್ನ ಕೇಳೋಕೆ ಕತ್ತೆ ಇಳಿದ್ರು” ಎನ್ನುತ್ತಾರೆ.