ದಾತುಕ್‌ನ ಬೆಟ್ಟಕ್ಕೆ ಬಂದ ಹೊಸಬರು

ಸುರಂಗದ ಬಾಯಿಯ ಪಕ್ಕದಲ್ಲಿ, ಕಾಂಕ್ರೀಟ್ ಪಂಪಿನ ಆಚೆ, ಸೊಂಟದೆತ್ತರದ ಒಂದು ಕೆಂಪು ಗುಡಿ ಇತ್ತು. ಒಳಗೆ ಕೂತಿದ್ದವನು ಬಿಳಿ ಗಡ್ಡದ ಮುದುಕ. ತಲೆಗೆ ಕಪ್ಪು ಟೋಪಿ, ಸೊಂಟಕ್ಕೆ ಚೌಕುಳಿ ಲುಂಗಿ, ಕೈಯಲ್ಲಿ ಅಂಕುಡೊಂಕಾದ ಕಿರುಗತ್ತಿ. ಯಾರು ನೋಡಿದರೂ ಮುಸ್ಲಿಂ ಹಿರಿಯ ಎನ್ನುವಂತಿದ್ದ. ಅವನೆದುರು ಊದುಬತ್ತಿ ಹಚ್ಚಿ, ವೀಳ್ಯದೆಲೆ ಅಡಿಕೆ ಇಟ್ಟು ತಲೆಬಾಗಿ ನಿಂತಿದ್ದವನು ಮಾತ್ರ ಚೀನೀ ಮೂಲದ ಮೇಸ್ತ್ರಿ.

"ಯಾರಿದು?" ಎಂದು ಕೇಳಿದೆ.

"ದಾತುಕ್. ಅಜ್ಜ ಅಂತ. ಈ ಬೆಟ್ಟದ ಯಜಮಾನ."

"ಮುಸ್ಲಿಮರಾ?"

"ಮತ್ತೆ? ಟೋಪಿ ಕಾಣಲ್ವಾ? ಅದಕ್ಕೇ ಇವನ ಹತ್ತಿರ ಹಂದಿಮಾಂಸ ತಿಂದು ಬರಬಾರದು. ಬೆಳಿಗ್ಗೆ ಏನು ತಿಂದೆ?"

"ಬ್ರೆಡ್ಡು."

"ಹಾಗಾದ್ರೆ ಹತ್ತಿರ ಬಾ ಲಾ."

ಮೇಸ್ತ್ರಿಯ ಹೆಸರು ಆ ಸೆಂಗ್; 'ಆ' ಕೂಡ ಹೆಸರಿನದೇ ಭಾಗ. ಮಾತಿನ ಕೊನೆಗೆ ಲಾ ಸೇರಿಸುವುದು ಇಲ್ಲಿನವರ ರೂಢಿ, ನಮ್ಮ ಮಾರಾಯ್ರೆಯಂತೆ. ಅವನ ಮುತ್ತಜ್ಜ ತವರ ಅಗೆಯಲು ಚೀನಾದಿಂದ ಬಂದವನು. ಇವನು ಮಲೇಷ್ಯಾದ ಪಹಾಂಗ್ ರಾಜ್ಯದ ಬೆಂತೊಂಗ್ ಪಟ್ಟಣದಲ್ಲೇ ಹುಟ್ಟಿ ಬೆಳೆದವನು. ನಾನು ಮಂಗಳೂರಿನ ಕ್ಯಾಥೊಲಿಕ್. ಕನ್ನಡ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡಿದವನು. ಪ್ರತಿ ಮಳೆಗಾಲ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಂತಾಗ ಆ ಸುದ್ದಿ ತಿದ್ದುತ್ತಿದ್ದವನು. ಕುಸಿದ ಗುಡ್ಡ ಗೊತ್ತಿತ್ತು. ಗುಡ್ಡವನ್ನು ಕೊರೆಯುವವರು ಗೊತ್ತಿರಲಿಲ್ಲ.

ಮಲೇಷ್ಯಾಕ್ಕೆ ಬಂದದ್ದು ಹೆಂಡತಿ ಫ್ಲೇವಿಯಾಳ ಕೆಲಸಕ್ಕಾಗಿ. ನಿಲಾಯ್‌ನ ವಿಶ್ವವಿದ್ಯಾಲಯವೊಂದರಲ್ಲಿ ಅವಳಿಗೆ ನರ್ಸಿಂಗ್ ಪಾಠ ಹೇಳುವ ಹುದ್ದೆ ಸಿಕ್ಕಿತ್ತು. ನಮಗೆ ಬಾಡಿಗೆಗೆ ಸಿಕ್ಕಿದ ಫ್ಲಾಟಿನ ಕಿಟಕಿಯಿಂದ ವಿಮಾನಗಳು ಇಳಿಯುವುದು ಕಾಣುತ್ತಿತ್ತು. ವಾರಕ್ಕೊಮ್ಮೆ ರೈಲು ಹತ್ತಿ ರಾಜಧಾನಿಯ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ತಮಿಳರ ಅಂಗಡಿಯಲ್ಲಿ ಕೆಂಪು ಕುಚ್ಚಲಕ್ಕಿ ತರುತ್ತಿದ್ದೆವು. ನಮ್ಮದರಷ್ಟು ದಪ್ಪವಿಲ್ಲ, ಆದರೆ ಗಂಜಿಗೆ ಆಗುತ್ತದೆ. ಕೆಲವು ತಿಂಗಳಲ್ಲಿ ನನಗೂ ಕೆಲಸ ಸಿಕ್ಕಿತು. ಪೂರ್ವ ಕರಾವಳಿಯನ್ನು ಪಶ್ಚಿಮಕ್ಕೆ ಜೋಡಿಸಲು ಬೆಟ್ಟಸಾಲಿನೊಳಗೆ ರೈಲುಮಾರ್ಗ ಕೊರೆಯುತ್ತಿದ್ದ ಚೀನೀ ಗುತ್ತಿಗೆದಾರರಿಗೆ ದಿನದ ವರದಿಯನ್ನು ಓದಬಹುದಾದ ಇಂಗ್ಲಿಷಿಗೆ ತಿದ್ದಿಕೊಡುವವನು ಬೇಕಿತ್ತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶ ಮುಚ್ಚಿತು. ಕಾಮಗಾರಿಯೂ ನಿಂತಿತು. ಮತ್ತೆ ಆರಂಭವಾದಾಗ ಷರತ್ತು ಒಂದೇ: ಕೆಲಸ ಬೇಕಾದವರು ಶಿಬಿರದೊಳಗೇ ಇರಬೇಕು. ರಾಜ್ಯದಿಂದ ರಾಜ್ಯಕ್ಕೆ ಹೋಗಲು ಪೊಲೀಸರ ಅನುಮತಿ ಬೇಕಿತ್ತು. ನಮ್ಮ ಮನೆಯಿದ್ದ ನಿಲಾಯ್ ನೆಗ್ರಿ ಸೆಂಬಿಲಾನ್ ರಾಜ್ಯದಲ್ಲಿ, ಸುರಂಗ ಪಹಾಂಗ್‌ನಲ್ಲಿ. ಕಾರಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಮಂಗಳೂರಿನಿಂದ ಹಾಸನಕ್ಕೆ ಹೋಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಾನು ಶಿಬಿರ ಸೇರಿದೆ.

"ನಿಮ್ಮ ಮಂಡೆ ಸಮ ಉಂಟಾ?" ಎಂದಳು ಫ್ಲೇವಿಯಾ ಫೋನಿನಲ್ಲಿ. ನಮ್ಮ ಮನೆಮಾತು ಕೊಂಕಣಿ. ಬೈಗುಳ ಮಾತ್ರ ಕನ್ನಡದಲ್ಲೇ ಬರುತ್ತದೆ. "ಊರು ಬಿಟ್ಟು ಬಂದದ್ದು ಒಟ್ಟಿಗೆ ಇರ್ಲಿಕ್ಕೆ ಅಲ್ವಾ ಮಾರಾಯ್ರೆ? ಈಗ ನೀವು ಒಂದು ಕಾಡು, ನಾವು ಒಂದು ಕಾಡು."

ಮಗಳು ರಿಯಾ ಫೋನು ಕಸಿದುಕೊಂಡು, "ಪಪ್ಪಾ, ಮಾಕನ್ ಆಲ್ರೆಡಿ?" ಎಂದು ಕೇಳುತ್ತಿದ್ದಳು. ಮಾಕನ್ ಎಂದರೆ ಊಟ. ಶಾಲೆ ಮುಚ್ಚಿದ್ದರೂ ನೆರೆಮನೆಯ ಮಕ್ಕಳಿಂದ ಅವಳು ಅಷ್ಟು ಕಲಿತಿದ್ದಳು.

ಶಿಬಿರವನ್ನು ಇಲ್ಲಿ ಕೊಂಗ್ಸಿ ಎನ್ನುತ್ತಾರೆ. ಕೂಲಿಕಾರರು ಒಟ್ಟಾಗಿ ಉಳಿಯುವ ತಗಡಿನ ಸಾಲುಮನೆ. ನನ್ನ ಪಕ್ಕದ ಕೋಣೆಗೆ ಬಂದವನು ಗಾವ್, ಸುರಂಗದ ಪಾಳಿ ಎಂಜಿನಿಯರ್. ಅದುವರೆಗೆ ಬೆಟ್ಟದ ಇನ್ನೊಂದು ತುದಿಯಲ್ಲಿದ್ದ; ಅಲ್ಲಿ ಎಲ್ಲರೂ ಚೀನಾದಿಂದ ಬಂದವರೇ. ಅದಕ್ಕೂ ಮೊದಲು ತನ್ನ ಗುಯಿಝೌ ಪ್ರಾಂತ್ಯದ ಬೆಟ್ಟಗಳಲ್ಲಿ ರೈಲುಮಾರ್ಗ ಕಟ್ಟಿದ್ದ. ಅವನ ಇಂಗ್ಲಿಷ್ ಮುರುಕು, ನನ್ನ ಚೀನೀ ಭಾಷೆ ಶೂನ್ಯ. ಮಿಡಿಮಾವಿನ ಉಪ್ಪಿನಕಾಯಿ ನಮ್ಮನ್ನು ಹತ್ತಿರ ತಂದಿತು. ಅವನ ಊರಿನವರಿಗೂ ಹುಳಿ ಮತ್ತು ಖಾರ ಇಲ್ಲದೆ ಅನ್ನ ಇಳಿಯುವುದಿಲ್ಲವಂತೆ. ಬೇಯಿಸಿದ ಎಲೆಕೋಸಿನ ಮೇಲೆ ನನ್ನ ಉಪ್ಪಿನಕಾಯಿ ಸುರಿದುಕೊಂಡು ತಿನ್ನುತ್ತಾ ಅವನು ಆ ಬೆಟ್ಟಗಳನ್ನು ವರ್ಣಿಸುತ್ತಿದ್ದ.

ಅಲ್ಲಿನದು ಸುಣ್ಣಕಲ್ಲು. ಹೊರಗೆ ಗಟ್ಟಿ, ಒಳಗೆ ಪೊಳ್ಳು. ಕೊರೆಯುತ್ತಾ ಹೋದರೆ ಇದ್ದಕ್ಕಿದ್ದಂತೆ ಎದುರಿಗೆ ಗುಹೆ, ಗುಹೆಯೊಳಗೆ ಹೊಳೆ. ಸುರಂಗ ಮುಗಿದಲ್ಲಿ ಕಣಿವೆ, ಕಣಿವೆಗೆ ಸೇತುವೆ, ಸೇತುವೆಯ ತುದಿಗೆ ಮತ್ತೆ ಸುರಂಗ. ಕಟ್ಟಲು ಬಂದ ಯಂತ್ರಕ್ಕೆ ದಾರಿಯೇ ಇಲ್ಲ, ಮೊದಲು ಯಂತ್ರಕ್ಕೆ ರಸ್ತೆ ಕಟ್ಟಬೇಕು. ಒಂದು ಕಡೆ ಸುರಂಗ ಕೊರೆದಾಗ ಮೇಲಿನ ಹಳ್ಳಿಯ ಬಾವಿ ಬತ್ತಿತು. ಹಳ್ಳಿಯ ಹೆಂಗಸರು ಖಾಲಿ ಬಕೆಟ್ ಹಿಡಿದು ಬಂದು ಸುರಂಗದ ಬಾಯಲ್ಲಿ ಕೂತರು. ಬೈಯಲಿಲ್ಲ, ಕೂಗಲಿಲ್ಲ. ನಲ್ಲಿ ಹಾಕಿಸಿಕೊಡುವವರೆಗೆ ದಿನವೂ ಬಂದು ಕೂತರು.

"ಅದಾದ ಮೇಲೆ ನಾನು ನೀರಿಗೆ ಹೆದರ್ತೀನಿ. ದೇವರಿಗಲ್ಲ," ಎಂದಿದ್ದ.

ಗಾವ್‌ನ ಮಗ ಅಂಬೆಗಾಲಿಡುವಾಗ ಅವನು ಊರು ಬಿಟ್ಟಿದ್ದ. ಈಗ ಮಗು ಓಡುತ್ತಿತ್ತು, ಅದೂ ಫೋನಿನೊಳಗೆ. ಚೀನಾಕ್ಕೆ ವಿಮಾನಗಳು ಅಪರೂಪವಾಗಿದ್ದವು. ಎರಡೂ ಕಡೆಯ ಸುರಂಗ ಕೂಡಿದ ಮೇಲೆ ಆ ತಂಡವನ್ನು ಮೊದಲ ವಿಮಾನದಲ್ಲಿ ಕಳಿಸುತ್ತೇವೆ ಎಂದು ಕಂಪನಿ ಹೇಳಿತ್ತು. ಕೆಲಸ ತಡವಾದರೆ ಆ ಆಸನಗಳು ಬೇರೆ ಸುರಂಗದವರ ಪಾಲು. ಗಾವ್‌ಗೆ ಆ ಬೆಟ್ಟದಾಚೆಗೇ ಮಗ ಇದ್ದಂತಿತ್ತು.

ಎರಡನೆಯ ಬಾರಿ ಕೆಲಸ ನಿಂತು ಮತ್ತೆ ತೆರೆಯುವ ದಿನ ಅವನು ಒಳ್ಳೆಯದಾಗಲೆಂದೇ ಒಂದು ಕೆಲಸ ಮಾಡಿದ. ಅವನ ಕಡೆ ಕಾಮಗಾರಿ ಆರಂಭಿಸುವಾಗ ಭೂಮಿಯ ದೇವರಿಗೆ ಇಡೀ ಹಂದಿ ಸುಟ್ಟು ಇಡುತ್ತಾರೆ. ನಂಬಿಕೆ ಇಲ್ಲದವರೂ ಇಡುತ್ತಾರೆ, ಕೆಲಸಗಾರರಿಗೆ ಊಟವಾಯಿತೆಂದು. ನಮ್ಮ ಸುರಂಗದ ಬಾಯಲ್ಲೂ ಕೆಂಪು ಗುಡಿ, ಊದುಬತ್ತಿ, ಕಿತ್ತಳೆ ಹಣ್ಣು ಇದ್ದವು. ಅವನ ಊರಿನ ಭೂದೇವರ ಗುಡಿ ಥೇಟ್ ಹೀಗೇ ಇರುತ್ತದೆ. ಒಳಗಿನ ಮೂರ್ತಿ ಅಷ್ಟರಲ್ಲಿ ಊದುಬತ್ತಿಯ ಹೊಗೆ ಹಿಡಿದು ಕಪ್ಪಾಗಿತ್ತು. ಟೋಪಿಯನ್ನು ಅವನು ಗಮನಿಸಲಿಲ್ಲ. ಬೆಂತೊಂಗ್‌ನಿಂದ ಗರಿಗರಿ ಚರ್ಮದ ಹಂದಿ ತರಿಸಿ, ಕಣ್ಣಿಗೆ ಕೆಂಪು ಹಣ್ಣು ಸಿಕ್ಕಿಸಿ, ಯಾರನ್ನೂ ಕೇಳದೆ ದಾತುಕ್‌ನ ಮುಂದೆ ಮೇಜು ಹಾಕಿ ಇಟ್ಟುಬಿಟ್ಟ.

ಪಾಳಿಗೆ ಬಂದ ಆ ಸೆಂಗ್ ಅದನ್ನು ನೋಡಿ ಹೆಲ್ಮೆಟ್ ತೆಗೆದು ಕೆಳಗಿಟ್ಟ.

"ಯಾರು ಇಟ್ಟಿದ್ದು?"

"ನಾನು," ಎಂದ ಗಾವ್. "ಆಮೇಲೆ ಎಲ್ಲರೂ ತಿನ್ನೋಣ."

"ನೀನೇ ತಿನ್ನು. ಒಳಗೂ ನೀನೇ ಹೋಗು."

ಅವನ ಹಿಂದೆ ಊರಿನ ಹುಡುಗರೆಲ್ಲ ಹೆಲ್ಮೆಟ್ ಕೆಳಗಿಟ್ಟರು. ಕೊರೆದ ಬಂಡೆಗೆ ಕಾಂಕ್ರೀಟ್ ಎರಚಿ ಹಿಡಿಸುವವರು ಅವರೇ. ಅವರಿಲ್ಲದೆ ಒಂದು ಗೇಣು ಮುಂದೆ ಹೋಗುವಂತಿರಲಿಲ್ಲ. ಬಾಂಗ್ಲಾದೇಶದ ಕಾರ್ಮಿಕರು ಮೇಜನ್ನು ಸುತ್ತುಹಾಕಿ ದೂರ ಹೋಗಿ ನೆರಳಲ್ಲಿ ಕೂತರು. ಮಧ್ಯಾಹ್ನ ಸುರಂಗದೊಳಗೆ ಕೊರೆಯುತ್ತಿದ್ದ ಗೋಡೆಯಲ್ಲಿ ನೀರು ಜೋರಾಯಿತು. ನೀರು ಹಂದಿಗಿಂತ ಮೊದಲೇ ಜಿನುಗುತ್ತಿತ್ತು. ಅದನ್ನು ನಾನೇ ಹಿಂದಿನ ವರದಿಯಲ್ಲಿ ತಿದ್ದಿದ್ದೆ. ಆ ಸೆಂಗ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಮರುದಿನವೂ ಯಾರೂ ಒಳಗೆ ಹೋಗಲಿಲ್ಲ. ಬೇರೆ ತಂಡ ತರಿಸುವುದಾಗಿ ಮೇಲಿನವರು ಹೇಳಿದರು. ತಂಡ ಬರಬೇಕಾದರೆ ಸೋಂಕಿನ ಪರೀಕ್ಷೆ, ಕ್ವಾರಂಟೈನಿನ ಪ್ರತ್ಯೇಕವಾಸ. ಅಷ್ಟರಲ್ಲಿ ವಿಮಾನದ ಆಸನ ಕೈತಪ್ಪುತ್ತದೆ. ಗಾವ್ ನನ್ನ ಕೋಣೆಯ ಮೆಟ್ಟಿಲ ಮೇಲೆ ಕೂತ.

"ಹಂದಿ ಇಟ್ಟೇ ಎಷ್ಟೋ ಬೆಟ್ಟ ಕೊರೆದಿದ್ದೀನಿ. ಈ ಬೆಟ್ಟಕ್ಕೇನು?"

"ಇದು ನಿನ್ನ ಬೆಟ್ಟ ಅಲ್ಲ," ಎಂದೆ.

ನಮ್ಮ ಕರಾವಳಿಯ ಬೊಬ್ಬರ್ಯನ ಕಥೆ ಹೇಳಿದೆ. ಮೀನುಗಾರರು ಕಡಲಿಗಿಳಿಯುವ ಮುನ್ನ ನೆನೆಯುವ ದೈವ. ಅವನ ತಂದೆ ಮುಸ್ಲಿಂ ವ್ಯಾಪಾರಿ ಎಂದು ತುಳುವರ ಹಾಡುಗಥೆಯಾದ ಪಾಡ್ದನ ಹೇಳುತ್ತದೆ. ನಂಬಿ ನಡೆಯುವವರು ಹಿಂದೂಗಳು. ಕ್ರೈಸ್ತನಾದ ನಾನು ನೇಮ ಎಂಬ ಅವನ ಉತ್ಸವದ ವರದಿಗೆ ಹೋಗಿ ಅವನನ್ನು ಬಲ್ಲೆ. ದೈವದ ಮುಂದೆ ಎಡವಟ್ಟಾದರೆ ಅಲ್ಲಿ ಯಾರೂ ವಾದ ಮಾಡುವುದಿಲ್ಲ. ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡು ತಪ್ಪುಕಾಣಿಕೆ ಹಾಕುತ್ತಾರೆ. ತಪ್ಪು ಇದೆ ಎಂದು ಒಪ್ಪಿದರೆ ಅರ್ಧ ತೀರಿತು.

ಇಬ್ಬರೂ ಆ ಸೆಂಗ್‌ನ ಬಳಿ ಹೋದೆವು. ಬೊಬ್ಬರ್ಯನ ವಿಷಯ ಕೇಳಿ ಅವನ ಮುಖ ಸ್ವಲ್ಪ ಸಡಿಲಾಯಿತು. "ನಿಮ್ಮ ಊರಲ್ಲೂ ಇವನ ಸಂಬಂಧಿಕರಿದ್ದಾರಾ?" ಎಂದ. ಆಮೇಲೆ ಬೇಕಾದದ್ದನ್ನು ಹೇಳಿದ: ವೀಳ್ಯ, ಹೊಗೆಸೊಪ್ಪಿನ ಬೀಡಿ, ಅರಿಶಿನದ ಅನ್ನ, ಕೋಳಿ ಸಾರು. ಸಾರು ಹಲಾಲ್ ಅಡುಗೆಮನೆಯದೇ ಆಗಬೇಕು.

ಹಲಾಲ್ ಅಡುಗೆಮನೆ ಶಿಬಿರದಲ್ಲಿ ಇದ್ದದ್ದು ಒಂದೇ. ಅದನ್ನು ನಡೆಸುತ್ತಿದ್ದವಳು ಮಲಯ್ ಹೆಂಗಸು ಕಾಕ್ ಯಾಹ್. ಕಾಕ್ ಎಂದರೆ ಅಕ್ಕ. ಅವಳ ಧರ್ಮದಲ್ಲಿ ಮೂರ್ತಿಗೆ ಎಡೆಯಿಡುವುದು ನಿಷಿದ್ಧ. ನಾವು ಬಾಯಿ ತೆರೆಯುವ ಮೊದಲೇ ಅವಳಿಗೆ ಸುದ್ದಿ ಮುಟ್ಟಿತ್ತು.

"ನಾನು ಅವನನ್ನು ನಂಬಲ್ಲ," ಎಂದಳು ಸೌಟು ಆಡಿಸುತ್ತಲೇ. "ಆದ್ರೆ ನೀವೇ ಅವನು ಮುಸ್ಲಿಂ ಅಂತೀರಿ, ನೀವೇ ಹಂದಿ ಇಡ್ತೀರಿ. ಇದ್ಯಾವ ಮರ್ಯಾದೆ ಲಾ?"

"ಕೋಳಿ ಸಾರು ಬೇಕಿತ್ತು, ಅಕ್ಕ," ಎಂದೆ.

"ಕೋಳಿ ಸಾರು ದಿನಾ ಮಾರ್ತೀನಿ. ತಪಾವ್ ಮಾಡ್ಕೊಂಡು ಹೋದ ಮೇಲೆ ಯಾರು ತಿಂತಾರೆ ಅಂತ ಕೇಳಲ್ಲ. ನೀವೂ ಹೇಳ್ಬೇಡಿ." ತಪಾವ್ ಎಂದರೆ ಪಾರ್ಸೆಲ್. ಹಳದಿ ಅನ್ನವನ್ನೂ ಅವಳು ಮಾರಿದಳು. ಕಟ್ಟಿದ್ದು ಮಾತ್ರ ಹೊಸ ಡಬ್ಬಿಯಲ್ಲಿ, ನೀಟಾಗಿ.

ಆ ಸೆಂಗ್ ಗುಡಿಯನ್ನು ತೊಳೆದ, ಮೂರ್ತಿಯ ಮುಖದ ಹೊಗೆ ಒರೆಸಿದ. ಟೋಪಿ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಗಾವ್ ಅದನ್ನು ನೋಡಿ ನನ್ನ ಕಡೆ ತಿರುಗಿದ.

"ಯಾವ ಭಾಷೆಯಲ್ಲಿ ಹೇಳಲಿ?" ಎಂದು ಕೇಳಿದ.

"ಮಲಯ್‌ನಲ್ಲಿ. ಅವನಿಗೆ ಚೀನೀ ಬರಲ್ಲ," ಎಂದ ಆ ಸೆಂಗ್.

ಗಾವ್‌ಗೆ ಮಲಯ್ ಬರುತ್ತಿರಲಿಲ್ಲ. ಆ ಸೆಂಗ್ ಅವನಿಗೆ ಒಂದು ವಾಕ್ಯ ಕಲಿಸಿದ: "ಮಾಆಫ್, ದಾತುಕ್. ಸಾಯ ಓರಾಂಗ್ ಬಾರು." ಮೊದಲ ಪದ ನಮ್ಮ ಮಾಫಿಯೇ. ಕ್ಷಮಿಸು ಅಜ್ಜ, ನಾನು ಹೊಸಬ. ಗಾವ್ ಅದನ್ನು ತುಟಿಯಲ್ಲೇ ಕೆಲವು ಸಲ ಉರುಹೊಡೆದು, ಹೆಲ್ಮೆಟ್ ಕಂಕುಳಲ್ಲಿಟ್ಟು, ಒದ್ದೆ ನೆಲದ ಮೇಲೆ ಮೊಣಕಾಲೂರಿ ಹೇಳಿದ. ಉಚ್ಚಾರ ಕೆಟ್ಟದಾಗಿತ್ತು. ಯಾರೂ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಕ್ ಯಾಹ್ ಬೇರೆಲ್ಲೋ ನೋಡುತ್ತಾ ನಿಂತಿದ್ದಳು.

ಆ ಸೆಂಗ್ ತನ್ನ ಹೆಲ್ಮೆಟ್ ಎತ್ತಿಕೊಂಡು, "ನಡಿ ಲಾ, ತಡವಾಯ್ತು," ಎಂದ.

ಒಳಗಿನ ಬಿರುಕುಗಳಿಗೆ ಸಿಮೆಂಟ್ ಹಾಲು ಒತ್ತಿ ತುಂಬಿದ ಮೇಲೆ ನೀರು ಇಳಿಯಿತು. ಸಿಮೆಂಟಿನಿಂದ ಎಂದು ಗಾವ್ ಹೇಳಿದ. ಆ ಸೆಂಗ್ ಗುಡಿಯ ಕಡೆ ಬೆರಳು ತೋರಿಸಿದ. ವರದಿಯಲ್ಲಿ ನಾನು ಸಿಮೆಂಟ್ ಎಂದೇ ಬರೆದೆ, ಕಣ್ಣಿಗೆ ಕಂಡದ್ದು ಅಷ್ಟೇ ಆದ್ದರಿಂದ.

ಆಸನ ತಪ್ಪಲಿಲ್ಲ. ಕೊನೆಯ ಗೋಡೆ ಒಡೆದಾಗ ಆಚೆ ಕಡೆಯಿಂದ ಧೂಳಿನ ಜೊತೆ ಗಾಳಿ ಬಂತು. ಎರಡು ತಂಡದವರು ತೂತಿನೊಳಗಿಂದಲೇ ಕೈ ಕುಲುಕಲು ಹೋಗಿ, ಸೋಂಕಿನ ನಿಯಮ ನೆನಪಾಗಿ ಮೊಣಕೈ ತಾಗಿಸಿದರು. ಹೊರಡುವ ದಿನ ಗಾವ್ ದಾತುಕ್‌ಗೆ ಒಂದು ಕಿತ್ತಳೆ ಇಟ್ಟ. ಉಪ್ಪಿನಕಾಯಿಯ ಬಾಟಲಿ ಕೇಳಿ ತೆಗೆದುಕೊಂಡ.

2021ರ ಅಕ್ಟೋಬರ್‌ನಲ್ಲಿ ರಾಜ್ಯಗಳ ಗಡಿ ತೆರೆದ ಮೇಲೆ ನಾನು ನಿಲಾಯ್‌ಗೆ ಬಂದೆ. ರಿಯಾ ನನ್ನ ಭುಜದ ಎತ್ತರಕ್ಕೆ ಬಂದಿದ್ದಳು. ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಕೊನೆಗೊಂದು ಲಾ. ಕುಚ್ಚಲಕ್ಕಿ ಗಂಜಿ ಎದುರಿಟ್ಟು ಫ್ಲೇವಿಯಾ ಕೇಳಿದಳು: "ಇನ್ನು ಯಾವ ಬೆಟ್ಟ ಬಾಕಿ ಉಂಟು?"

ಆ ಹೊತ್ತಿಗೇ ಗಾವ್‌ನ ಧ್ವನಿಸಂದೇಶ ಬಂದಿತ್ತು. ಹೋಟೆಲಿನ ಪ್ರತ್ಯೇಕವಾಸ ಮುಗಿಸಿ ಅವನು ಮನೆ ಮುಟ್ಟಿದಾಗ ಮಗ ತಾಯಿಯ ಹಿಂದೆ ಅಡಗಿದನಂತೆ. ಫೋನಿನಲ್ಲಿರಬೇಕಾದ ಮನುಷ್ಯ ಬಾಗಿಲಲ್ಲಿ ನಿಂತದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. "ಏನು ಮಾಡಬೇಕೋ ತಿಳಿಯಲಿಲ್ಲ. ಪೆಟ್ಟಿಗೆ ಇಳಿಸಿ ಮೊಣಕಾಲೂರಿದೆ. ಸಾಯ ಓರಾಂಗ್ ಬಾರು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ಹೊರಗೆ ಬಂದ." ಸಂದೇಶವನ್ನು ಆ ಸೆಂಗ್‌ಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಕೋಳಿ ಸಾರು ಮಾಡಿಸು ಅಂತ ಹೇಳು ಲಾ."

ಮರುವರ್ಷ ರಜೆಯಲ್ಲಿ ಮಂಗಳೂರಿಗೆ ಹೋದಾಗ ನನ್ನ ಹಳೆಯ ಪತ್ರಿಕಾ ಕಚೇರಿಗೆ ಹೋದೆ. ಗೇಟಿನಲ್ಲಿ ಗುರುತಿಲ್ಲದ ಕಾವಲುಗಾರ. ನನ್ನ ಮುಖ, ನನ್ನ ಚೀಲ ಎರಡನ್ನೂ ನೋಡಿ, "ಹೊಸಬರಾ ಸರ್?" ಎಂದು ಕೇಳಿದ. ಇದೇ ಮೆಟ್ಟಿಲನ್ನು ಎಷ್ಟು ವರ್ಷ ಹತ್ತಿಳಿದೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ಹೌದು," ಎಂದೆ. "ಹೊಸಬ."

ಅವನು ಗೇಟು ತೆರೆದ.